ಗಾಳಿಯಂತ್ರ ಮೋಡ ಓಡಿಸುವ ಫ್ಯಾನಲ್ಲ



ಗದಗ, ಚಿತ್ರದುರ್ಗ, ದಾವಣಗೆರೆಯ ಕಡೆ ಕ್ಷೇತ್ರೋತ್ಸವಕ್ಕೋ ತರಬೇತಿಗೋ ಹೋದಾಗ ಬೀಜ, ಗೊಬ್ಬರ, ಕೀಟಗಳ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸಾಹೇಬ್ರ, ಈ ಫ್ಯಾನ್ ಬಂದ ಮ್ಯಾಲೆ ನಮ್ಮ ಕಡೆ ಮಳಿ ಇಲ್ಲ. ಮೋಡ ಬರ್ತಾವು, ಇವು ತಿರುಗಿ ಮುಂದಕ್ಕ ಅಟ್ಟತಾವು. ಇದಕ್ಕ ನೀವೇನಂತೀರಿ?" ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ಕುರಿತ ಮಾತು ಇದು.

ಹೀಗೆ ಕೇಳುವವರು ಏನೂ ತಿಳಿಯದವರಲ್ಲ. ಯಾವ ನಕ್ಷತ್ರದಲ್ಲಿ ಯಾವ ದಿಕ್ಕಿನಿಂದ ಮೋಡ ಏಳುತ್ತದೆ ಎಂದು ನಲವತ್ತು ಐವತ್ತು ವರ್ಷ ನೋಡಿದವರು. ಈ ಪ್ರಶ್ನೆಗೆ ನಕ್ಕು ಸುಮ್ಮನಾಗುವ ವಿದ್ಯಾವಂತರನ್ನು ಕಂಡಿದ್ದೇನೆ. ನಗು ಉತ್ತರವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕಣ್ಣಾರೆ ಕಂಡದ್ದು ನಿಜ. ಅದಕ್ಕೆ ಕೊಟ್ಟುಕೊಂಡ ಕಾರಣ ಮಾತ್ರ ತಪ್ಪು. ಈ ತಪ್ಪಿನಿಂದ ನಷ್ಟವಾಗುವುದು ಯಂತ್ರ ನಿಲ್ಲಿಸಿದ ಕಂಪನಿಗಲ್ಲ, ನಿಮಗೆ. ಮೋಡದ ಜಗಳದಲ್ಲಿ ಕಾಲ ಕಳೆದರೆ ಆ ಕಂಪನಿಯಿಂದ ಕೇಳಿ ಪಡೆಯಬೇಕಾದ ಬೇರೆ ಲೆಕ್ಕ ಹಾಗೆಯೇ ಉಳಿದುಹೋಗುತ್ತದೆ.

ಗೊಂದಲ ಹೆಸರಿನಲ್ಲಿಯೇ ಇದೆ. ಹಳ್ಳಿಗಳಲ್ಲಿ ಹಲವರು ಇದನ್ನು ಫ್ಯಾನು ಎಂದೇ ಕರೆಯುತ್ತಾರೆ. ನೋಡಲೂ ಹಾಗೆಯೇ ಇದೆ: ಮೂರು ರೆಕ್ಕೆ, ನಡುವೆ ಒಂದು ಅಚ್ಚು, ತಿರುಗುತ್ತದೆ. ಮನೆಯ ಫ್ಯಾನು ಗಾಳಿ ಬೀಸುತ್ತದೆಯಾದ್ದರಿಂದ ಇಷ್ಟು ದೊಡ್ಡ ಫ್ಯಾನು ಎಷ್ಟು ಗಾಳಿ ಬೀಸಬೇಡ ಎಂದುಕೊಳ್ಳುವುದು ಸಹಜ. ಆದರೆ ಇವೆರಡರ ಕೆಲಸ ಒಂದಕ್ಕೊಂದು ತಿರುಗುಮುರುಗು. ಫ್ಯಾನಿಗೆ ನೀವು ವಿದ್ಯುತ್ ಕೊಡುತ್ತೀರಿ, ಅದು ಗಾಳಿ ಕೊಡುತ್ತದೆ. ಗಾಳಿಯಂತ್ರಕ್ಕೆ ಗಾಳಿ ಬಂದು ತಾಗುತ್ತದೆ, ಅದು ವಿದ್ಯುತ್ ಕೊಡುತ್ತದೆ. ಫ್ಯಾನಿನ ಮುಂದೆ ಗಾಳಿಯ ವೇಗ ಹೆಚ್ಚುತ್ತದೆ. ಗಾಳಿಯಂತ್ರವನ್ನು ದಾಟಿ ಬಂದ ಗಾಳಿಯ ವೇಗ ಕಡಿಮೆಯಾಗುತ್ತದೆ. ಮೋಡವನ್ನು ಅಟ್ಟಬೇಕಾದರೆ ಗಾಳಿಯನ್ನು ಜೋರು ಮಾಡಬೇಕು. ಇದು ಗಾಳಿಯನ್ನು ನಿಧಾನ ಮಾಡುವ ಯಂತ್ರ.

ಕಣದ ಕೆಲಸವನ್ನು ನೆನಪಿಗೆ ತಂದುಕೊಳ್ಳಿ. ಗಾಳಿ ಇರುವ ದಿನ ಎತ್ತರದಲ್ಲಿ ನಿಂತು ಮೊರದಿಂದ ರಾಶಿ ತೂರುತ್ತೀರಿ. ಗಾಳಿಯ ಚಲನೆಯಲ್ಲಿರುವ ಶಕ್ತಿ ಹೊಟ್ಟನ್ನು ದೂರ ಒಯ್ಯುತ್ತದೆ, ಕಾಳು ಬುಡದಲ್ಲಿ ಬೀಳುತ್ತದೆ. ಗಾಳಿ ಬಿದ್ದುಹೋದ ದಿನ ಕೈಯಿಂದ ತಿರುಗಿಸುವ ತೂರುವ ಯಂತ್ರ ತರುತ್ತೀರಿ. ಆಗ ನಿಮ್ಮ ತೋಳಿನ ಶಕ್ತಿ ಹಿಡಿಕೆಯ ಮೂಲಕ ರೆಕ್ಕೆಗೆ, ರೆಕ್ಕೆಯಿಂದ ಗಾಳಿಗೆ ಹೋಗುತ್ತದೆ. ತೋಳಿಗೆ ಶಕ್ತಿ ಬಂದದ್ದು ಬೆಳಿಗ್ಗೆ ತಿಂದ ರೊಟ್ಟಿಯಿಂದ, ರೊಟ್ಟಿಗೆ ಜೋಳದಿಂದ, ಜೋಳಕ್ಕೆ ಬಿಸಿಲಿನಿಂದ. ಶಕ್ತಿ ಹೊಸದಾಗಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಒಂದು ರೂಪ ಬಿಟ್ಟು ಇನ್ನೊಂದು ರೂಪ ತಾಳುತ್ತದೆ. ಗಾಳಿಯ ಮೂಲವೂ ಬಿಸಿಲೇ. ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲೆ ಒತ್ತಡ ಕುಗ್ಗಿದಾಗ ಸಮುದ್ರದ ಕಡೆಯ ಗಾಳಿ ಒಳನುಗ್ಗುತ್ತದೆ. ನಮ್ಮ ಮುಂಗಾರು ಗಾಳಿಯ ಹುಟ್ಟು ಇದೇ.

ಈಗ ಯಂತ್ರದೊಳಗೆ ನೋಡೋಣ. ರೆಕ್ಕೆಯ ಒಂದು ಬದಿ ವಿಮಾನದ ರೆಕ್ಕೆಯಂತೆ ಉಬ್ಬಿರುತ್ತದೆ. ಗಾಳಿ ಸವರಿಕೊಂಡು ಹೋಗುವಾಗ ಎರಡು ಬದಿಗಳ ಒತ್ತಡದಲ್ಲಿ ವ್ಯತ್ಯಾಸ ಉಂಟಾಗಿ ರೆಕ್ಕೆ ಪಕ್ಕಕ್ಕೆ ಸೆಳೆಯಲ್ಪಡುತ್ತದೆ. ಹೀಗೆ ಗಾಳಿಯ ನೇರ ಓಟ ಅಚ್ಚಿನ ತಿರುಗಾಟವಾಗುತ್ತದೆ. ದೊಡ್ಡ ಯಂತ್ರದ ಅಚ್ಚು ಮಿನಿಟಿಗೆ 10ರಿಂದ 20 ಸುತ್ತು ಮಾತ್ರ ತಿರುಗುತ್ತದೆ. ಬಹುಪಾಲು ಯಂತ್ರಗಳಲ್ಲಿ ಗೇರ್ ಪೆಟ್ಟಿಗೆ ಇದನ್ನು ಸಾವಿರ, ಒಂದೂವರೆ ಸಾವಿರ ಸುತ್ತಿಗೆ ಏರಿಸಿ ಜನರೇಟರಿಗೆ ಕೊಡುತ್ತದೆ. ಜನರೇಟರೆಂದರೆ ನಿಮ್ಮ ಪಂಪ್‌ಸೆಟ್ಟಿನ ಮೋಟಾರು ಹಿಂದುಮುಂದಾದಂತೆ. ಮೋಟಾರಿಗೆ ವಿದ್ಯುತ್ ಕೊಟ್ಟರೆ ತಿರುಗುತ್ತದೆ; ಜನರೇಟರನ್ನು ತಿರುಗಿಸಿದರೆ ಅಯಸ್ಕಾಂತದ ಸೆಳೆತದ ನಡುವೆ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಅದನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಹೆಚ್ಚಿನ ವೋಲ್ಟಿಗೆ ಏರಿಸಿ ತಂತಿಗೆ ಬಿಡುತ್ತಾರೆ.

ಪ್ರತಿಯೊಂದು ಬದಲಾವಣೆಯಲ್ಲಿಯೂ ಸ್ವಲ್ಪ ಪಾಲು ಶಾಖವಾಗಿ ಸೋರಿಹೋಗುತ್ತದೆ. ಗೇರ್ ಪೆಟ್ಟಿಗೆಯನ್ನು ಮುಟ್ಟಿದರೆ ಬಿಸಿಯಾಗಿರುವುದು ಇದಕ್ಕೇ. ಎಲ್ಲಕ್ಕಿಂತ ದೊಡ್ಡ ಮಿತಿ ಇರುವುದು ಮೊದಲ ಹೆಜ್ಜೆಯಲ್ಲಿ. ಗಾಳಿಯಲ್ಲಿರುವ ಶಕ್ತಿಯನ್ನು ಪೂರ್ತಿ ತೆಗೆಯಬೇಕಾದರೆ ಗಾಳಿಯನ್ನು ನಿಲ್ಲಿಸಿಯೇ ಬಿಡಬೇಕು. ನಿಂತ ಗಾಳಿ ಜಾಗ ಬಿಡದಿದ್ದರೆ ಹಿಂದಿನಿಂದ ಬರುವ ಗಾಳಿ ರೆಕ್ಕೆಯನ್ನು ತಲಪುವುದೇ ಇಲ್ಲ, ಪಕ್ಕಕ್ಕೆ ಸರಿದು ಹೋಗುತ್ತದೆ. ಆದುದರಿಂದ ಗಾಳಿಯ ಓಟವನ್ನು ಸ್ವಲ್ಪ ಉಳಿಸಿ ಮುಂದಕ್ಕೆ ಬಿಡಲೇಬೇಕು. ಜರ್ಮನಿಯ ಆಲ್ಬರ್ಟ್ ಬೆಟ್ಜ್ ಎಂಬ ವಿಜ್ಞಾನಿ 1919ರಲ್ಲಿ ಲೆಕ್ಕ ಹಾಕಿ, ಎಷ್ಟೇ ಒಳ್ಳೆಯ ಯಂತ್ರವಾದರೂ ತನ್ನ ಮೂಲಕ ಹಾಯುವ ಗಾಳಿಯ ಶಕ್ತಿಯಲ್ಲಿ ಶೇ. 59ಕ್ಕಿಂತ ಹೆಚ್ಚು ತೆಗೆಯಲಾಗದು ಎಂದು ತೋರಿಸಿದ. ಇಂದಿನ ಒಳ್ಳೆಯ ಯಂತ್ರಗಳು ಶೇ. 40ರ ಆಚೀಚೆ ತೆಗೆಯುತ್ತವೆ. ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ರೆಕ್ಕೆಗಳ ನಡುವೆ ನುಸುಳಿ ಮುಂದೆ ಹೋಗುತ್ತದೆ. ನೂರು ಪಾಲು ಗಾಳಿಯಲ್ಲಿ ಅಚ್ಚಿಗೆ 40, ಟ್ರಾನ್ಸ್‌ಫಾರ್ಮರಿನ ಹೊತ್ತಿಗೆ 36, ಊರಿಂದೂರಿಗೆ ತಂತಿಯಲ್ಲಿ ಹರಿದು ನಿಮ್ಮ ಬಾವಿ ಸೇರುವ ಹೊತ್ತಿಗೆ 30ರ ಸುಮಾರು ಎಂದಿಟ್ಟುಕೊಳ್ಳಿ. ಸಾಮಾನ್ಯ ಪಂಪ್‌ಸೆಟ್ಟು ಅದರಲ್ಲಿ ಅರ್ಧವನ್ನೂ ನೀರೆತ್ತುವುದಕ್ಕೆ ಬಳಸುವುದಿಲ್ಲ. ಹಳೆಯ ಫುಟ್‌ವಾಲ್ವು, ಸಣ್ಣ ಪೈಪು ಇಟ್ಟುಕೊಂಡವರು ಇನ್ನೂ ಕಳೆದುಕೊಳ್ಳುತ್ತಾರೆ. ಅದು ಬೇರೆಯೇ ಲೇಖನದ ವಿಷಯ.

ಗುಡ್ಡದ ನೆತ್ತಿಯನ್ನೇ ಕಂಪನಿಗಳು ಹುಡುಕಿಕೊಂಡು ಬರುವುದೇಕೆ ಎಂಬುದಕ್ಕೂ ಉತ್ತರ ಈ ಲೆಕ್ಕದಲ್ಲಿದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಇಮ್ಮಡಿಯಲ್ಲ, ಎಂಟು ಮಡಿಯಾಗುತ್ತದೆ. 100 ಮೀಟರ್ ಅಡ್ಡಳತೆಯ ರೆಕ್ಕೆಚಕ್ರವನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿಯಲ್ಲಿ ಅದರ ಮೂಲಕ ಹಾಯುವ ಶಕ್ತಿ ಸುಮಾರು 275 ಕಿಲೋವ್ಯಾಟ್. ವೇಗ 8 ಮೀಟರಿಗೆ ಏರಿದರೆ ಅದೇ ಚಕ್ರದ ಮೂಲಕ 2,200 ಕಿಲೋವ್ಯಾಟ್ ಹಾಯುತ್ತದೆ. ಊರ ಬಯಲಿನಲ್ಲಿ ಮಂದವಾಗಿರುವ ಗಾಳಿ ಗುಡ್ಡದ ಏಣಿನ ಮೇಲೆ ಸ್ವಲ್ಪ ಚುರುಕಾದರೂ ಲಾಭ ಬಹಳ. ಬಾವಿಯ ಪಕ್ಕದಲ್ಲಿ ಸಣ್ಣ ಗಾಳಿಯಂತ್ರ ಹಾಕಿಸಿ ನೀರೆತ್ತಬೇಕೆಂದು ಆಸೆಪಟ್ಟವರಲ್ಲಿ ಅನೇಕರಿಗೆ ಸಮಾಧಾನವಾಗದಿದ್ದುದಕ್ಕೆ ಕಾರಣವೂ ಇದೇ. ತೆರೆದ ಬಾವಿಗೆ ಅದು ಸರಿ. ಆರುನೂರು ಅಡಿ ಕೊಳವೆಬಾವಿಗೆ ಸಣ್ಣ ರೆಕ್ಕೆಯ ಶಕ್ತಿ ಎಲ್ಲಿ ಸಾಕು?

ಈಗ ಮೋಡದ ಮಾತಿಗೆ ಬರೋಣ. ಯಂತ್ರ ಗಾಳಿಯಿಂದ ತೆಗೆದುಕೊಳ್ಳುವುದು ಓಟವನ್ನು ಮಾತ್ರ. ಗಾಳಿಯಲ್ಲಿರುವ ನೀರಿನ ಆವಿಯಲ್ಲಿ ಒಂದು ಹನಿಯೂ ಗೋಪುರದೊಳಗೆ ಹೋಗುವುದಿಲ್ಲ. ರೆಕ್ಕೆಗೆ ತಾಗುವ ಮುಂಚೆ ಎಷ್ಟು ತೇವವಿತ್ತೋ ದಾಟಿದ ಮೇಲೂ ಅಷ್ಟೇ ಇರುತ್ತದೆ. ಗಾಳಿ ಕಳೆದುಕೊಂಡ ವೇಗವನ್ನೂ ಸುತ್ತಲಿನ ಮತ್ತು ಮೇಲಿನ ಗಾಳಿ ಬೆರೆತು ಬಹುಮಟ್ಟಿಗೆ ತುಂಬಿಕೊಡುತ್ತದೆ. ಒಂದೇ ಯಂತ್ರದ ಹಿಂದೆ ಒಂದೆರಡು ಕಿಲೋಮೀಟರಿನಲ್ಲಿ, ದೊಡ್ಡ ಗುಂಪಿನ ಹಿಂದೆ ಇನ್ನೂ ಸ್ವಲ್ಪ ದೂರದಲ್ಲಿ ಇದು ನಡೆಯುತ್ತದೆ. ರೆಕ್ಕೆಯ ತುದಿ ನೆಲದಿಂದ 150 ಮೀಟರಿನ ಆಸುಪಾಸು ಏರುತ್ತದೆ. ಮಳೆ ಸುರಿಸುವ ಗುಡುಗು ಮೋಡದ ನೆತ್ತಿ 10 ಕಿಲೋಮೀಟರ್ ದಾಟುತ್ತದೆ. ಜೋಗಿಮಟ್ಟಿಯಂತಹ ಗುಡ್ಡದಲ್ಲಿ ಮೋಡ ಯಂತ್ರವನ್ನು ಸವರಿಕೊಂಡು ಹೋಗುವುದುಂಟು. ಆದರೆ ಸವರುವುದು ಮೋಡದ ಸೆರಗನ್ನಷ್ಟೆ.

ಬಲಾಬಲವನ್ನೂ ತೂಗಿ ನೋಡಿ. ಆವಿ ತಣಿದು ನೀರಾಗುವಾಗ ಶಾಖ ಹೊರಬರುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 0.7 ಯೂನಿಟ್‌ನಷ್ಟು. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 10,000 ಲೀಟರ್, ಅಂದರೆ ಸುಮಾರು 7,000 ಯೂನಿಟ್. ನಿಮ್ಮ ಊರಿನ ಸಾವಿರ ಹೆಕ್ಟೇರಿನ ಮೇಲೆ 25 ಮಿ.ಮೀ.ನ ಒಂದು ಹದ ಮಳೆ ಬಿತ್ತೆಂದರೆ ಮೋಡದಲ್ಲಿ ಹದಿನೇಳು ಕೋಟಿ ಯೂನಿಟ್‌ನಷ್ಟು ಶಾಖ ಬಿಡುಗಡೆಯಾಗಿರುತ್ತದೆ. ಎರಡು ಮೆಗಾವ್ಯಾಟಿನ ಒಂದು ಗಾಳಿಯಂತ್ರ ವರ್ಷವಿಡೀ ತಿರುಗಿದರೆ ಕೊಡುವುದು ನಲವತ್ತೈದು ಐವತ್ತು ಲಕ್ಷ ಯೂನಿಟ್. ಊರಿನ ಒಂದು ಮಳೆಗೆ ಆ ಯಂತ್ರದ ಮೂವತ್ತೈದು ವರ್ಷದ ದುಡಿಮೆ ಸಮವಾಯಿತು. ಎತ್ತಿನ ಬಾಲ ಹಿಡಿದ ನೊಣ ಗಾಡಿಯನ್ನು ಹಿಂದಕ್ಕೆ ಎಳೆಯಿತು ಎಂದರೆ ನಂಬುತ್ತೀರಾ?

ಹಾಗಾದರೆ ನೀವು ಕಂಡದ್ದೇನು? ಇದು ಮುಖ್ಯ. ಆಷಾಢದಲ್ಲಿ, ಪುನರ್ವಸು ಪುಷ್ಯ ಮಳೆಗಳ ಕಾಲದಲ್ಲಿ, ರೆಕ್ಕೆಗಳು ಹಗಲೂ ರಾತ್ರಿ ಬಿರುಸಾಗಿ ತಿರುಗುತ್ತವೆ. ಪಡುವಣದಿಂದ ಮೋಡಗಳು ಓಡೋಡಿ ಬರುತ್ತವೆ. ಹನಿ ಉದುರಿಸಿ ಮೂಡಣಕ್ಕೆ ಹೋಗಿಬಿಡುತ್ತವೆ. ಬಿತ್ತಿದ ಬೆಳೆ ಬಾಡುತ್ತದೆ. ಮುಂದೆ ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ ಗಾಳಿ ಬಿದ್ದುಹೋಗುತ್ತದೆ, ರೆಕ್ಕೆಗಳು ಬಹಳ ಹೊತ್ತು ನಿಂತೇ ಇರುತ್ತವೆ. ಆಗ ಮಳೆ ಸುರಿಯುತ್ತದೆ. ಫ್ಯಾನು ತಿರುಗಿದರೆ ಮಳೆ ಇಲ್ಲ, ಫ್ಯಾನು ನಿಂತರೆ ಮಳೆ ಬಂತು! ವರ್ಷ ವರ್ಷವೂ ಇದನ್ನು ನೋಡಿದವರು ಎರಡಕ್ಕೂ ಗಂಟು ಹಾಕಿದರೆ ಆಶ್ಚರ್ಯವೇನು?

ನಿಜ ಸಂಗತಿ ಏನೆಂದರೆ, ಇವೆರಡೂ ಮೂರನೆಯ ಒಂದು ಕಾರಣದ ಮಕ್ಕಳು. ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬೀ ಸಮುದ್ರದಿಂದ ಬರುವ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿದು ತನ್ನ ನೀರಿನ ಬಹುಭಾಗವನ್ನು ಮಲೆನಾಡಿನಲ್ಲಿಯೇ ಸುರಿಸಿಬಿಡುತ್ತದೆ. ಬೆಟ್ಟ ದಾಟಿ ಇಳಿಯುವಾಗ ಅದು ಬೆಚ್ಚಗಾಗುತ್ತದೆ, ಒಣಗುತ್ತದೆ. ವೇಗ ಮಾತ್ರ ಉಳಿದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಚಿತ್ರದುರ್ಗಕ್ಕೆ 600 ಮಿ.ಮೀ. ಸಿಕ್ಕರೆ ಪುಣ್ಯ. ನಮ್ಮ ಒಣ ಸೀಮೆಯಲ್ಲಿ ಗಾಳಿ ಹೆಚ್ಚು, ಮಳೆ ಕಡಿಮೆ ಎಂಬುದು ಒಂದೇ ನಾಣ್ಯದ ಎರಡು ಮುಖ. ಸೆಪ್ಟೆಂಬರ್ ಕಳೆಯುತ್ತಾ ಪಡುವಣ ಗಾಳಿ ಸಡಿಲವಾದಾಗ ನೆಲದ ಕಾವಿನಿಂದ ಮೋಡ ನೆಟ್ಟಗೆ ಮೇಲೆದ್ದು ಬೆಳೆಯುವುದಕ್ಕೆ ಅವಕಾಶ ಸಿಗುತ್ತದೆ, ಗುಡುಗಿ ಸುರಿಯುತ್ತದೆ. ಯಂತ್ರ ಬಂದು ಗಾಳಿ ತರಲಿಲ್ಲ. ಗಾಳಿ ಇದ್ದುದರಿಂದ ಯಂತ್ರ ಬಂತು. ಆಷಾಢದ ಗಾಳಿ ಎಂಬ ಮಾತು ನಮ್ಮ ಅಜ್ಜಂದಿರ ಕಾಲದ್ದು, ಆಗ ಯಾವ ಗುಡ್ಡದ ಮೇಲೂ ರೆಕ್ಕೆ ತಿರುಗುತ್ತಿರಲಿಲ್ಲ.

ಸಂಶಯ ಬಲಿಯುವುದಕ್ಕೆ ಕಾಲವೂ ಕೂಡಿಬಂತು. ನಮ್ಮ ರಾಜ್ಯದಲ್ಲಿ ಗಾಳಿಯಂತ್ರಗಳ ಸಾಲು ಏಳತೊಡಗಿದ್ದು 1990ರ ದಶಕದ ಕೊನೆಯಿಂದ ಈಚೆಗೆ. 2001-02ರಿಂದ 2003-04ರವರೆಗೆ ಸತತ ಮೂರು ವರ್ಷ ಬರ ಬಿತ್ತು. ಆದರೆ ಅದೇ ಬರ ಇಂತಹ ಸಾಲುಗಳಿಲ್ಲದ ಕೋಲಾರವನ್ನೂ ಬಿಡಲಿಲ್ಲ. ಇನ್ನೊಂದು ಸಾಕ್ಷಿ ಹಿರಿಯೂರಿನ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಹರಿಯಿತು. ಆಮೇಲೆ ಯಂತ್ರವೇ ಇಲ್ಲದ ಹತ್ತಾರು ವರ್ಷಗಳಲ್ಲಿ ಒಮ್ಮೆಯೂ ಹರಿಯಲಿಲ್ಲ. ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷದ ನಂತರ, ಚಿತ್ರದುರ್ಗದ ಗುಡ್ಡಗಳ ಮೇಲೆ ಯಂತ್ರಗಳು ಸಾಲಾಗಿ ನಿಂತಿರುವಾಗ. ಭದ್ರೆಯ ನೀರೂ ಸ್ವಲ್ಪ ಸೇರಿತ್ತು ಎಂಬುದು ನಿಜ. ಆದರೆ ಆ ವರ್ಷದ ಮಳೆಯನ್ನು ನೀವೇ ಕಂಡಿದ್ದೀರಿ.

ಯಂತ್ರದಿಂದ ಹವೆಯ ಮೇಲೆ ಏನೂ ಪರಿಣಾಮವಿಲ್ಲ ಎಂದು ನಾನು ಹೇಳುವುದಿಲ್ಲ. ರೆಕ್ಕೆಗಳು ಗಾಳಿಯನ್ನು ಕದಡುತ್ತವೆ. ರಾತ್ರಿ ನೆಲದ ಬಳಿ ತಣ್ಣಗಿನ ಗಾಳಿ, ಮೇಲೆ ಬೆಚ್ಚಗಿನದು ಇರುತ್ತದೆ. ಕದಡಿದಾಗ ನೆಲದ ಬಳಿ ಸ್ವಲ್ಪ ಬೆಚ್ಚಗಾಗುತ್ತದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳ ನಡುವಿನ ಗಾಳಿಯಂತ್ರಗಳ ಬಳಿ 2010ರಿಂದ ಅಳತೆ ಮಾಡಿದಾಗ ಇಂತಹ ಅಲ್ಪ ಬದಲಾವಣೆ ಕಂಡುಬಂದಿದೆ. ನಮ್ಮ ಎರೆ ಭೂಮಿಯ ಹಿಂಗಾರಿ ಕಡಲೆ ಇಬ್ಬನಿಯನ್ನೂ ತಣ್ಣನೆಯ ರಾತ್ರಿಯನ್ನೂ ನೆಚ್ಚಿದ ಬೆಳೆ. ಆದುದರಿಂದ ಯಂತ್ರದ ಬುಡದ ಹೊಲಗಳಲ್ಲಿ ಇಂತಹ ಅಳತೆ ನಡೆಯಬೇಕು, ಅದರ ಖರ್ಚನ್ನು ಯಂತ್ರದ ಮಾಲೀಕರು ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಮೋಡವನ್ನು ಬಿಟ್ಟು ನೆಲದ ಕಡೆ ನೋಡಿ. ಒಂದೊಂದು ರೆಕ್ಕೆ 50 ಮೀಟರಿನಷ್ಟು ಉದ್ದ. ಅದನ್ನು ಗುಡ್ಡದ ನೆತ್ತಿಗೆ ಒಯ್ಯಲು ಅಗಲವಾದ, ತಿರುವು ಕಡಿಮೆಯಿರುವ ರಸ್ತೆ ಬೇಕು. ಇಳಿಜಾರನ್ನು ಕಡಿದು ರಸ್ತೆ ಮಾಡಿದಾಗ, ಮೊದಲು ಹುಲ್ಲಿನ ನಡುವೆ ನೂರು ಕಡೆ ಹರಡಿ ಇಂಗುತ್ತಾ ಇಳಿಯುತ್ತಿದ್ದ ನೀರು ರಸ್ತೆಯ ಪಕ್ಕದಲ್ಲಿ ಒಂದಾಗಿ ಸೇರಿ ಭರದಿಂದ ಇಳಿಯುತ್ತದೆ. ಕೊರಕಲು ಬೀಳುತ್ತದೆ. ಸಡಿಲ ಮಣ್ಣು, ಗರಸು ಕೆಳಗಿನ ಹೊಲಕ್ಕೆ, ಕೆರೆಗೆ ಬರುತ್ತದೆ. ಮಳೆ ಮೊದಲಿನಷ್ಟೇ ಬಿದ್ದರೂ ಹಳ್ಳ ಬೇಗ ಬತ್ತುತ್ತದೆ, ಬಾವಿಯಲ್ಲಿ ನೀರು ಇಳಿಯುತ್ತದೆ. "ಇವು ಬಂದ ಮೇಲೆ ನೀರಿಲ್ಲ" ಎಂಬ ನಿಮ್ಮ ಮಾತಿನಲ್ಲಿ ಸತ್ಯವಿರುವುದಾದರೆ ಅದು ಇಲ್ಲಿದೆ, ಆಕಾಶದಲ್ಲಿ ಅಲ್ಲ. ಇದಕ್ಕೆ ಪರಿಹಾರವೂ ಇದೆ: ರಸ್ತೆಯ ಉದ್ದಕ್ಕೂ ಅಲ್ಲಲ್ಲಿ ಅಡ್ಡ ಮೋರಿ, ನೀರು ಬೀಳುವಲ್ಲಿ ಕಲ್ಲಿನ ತಡೆ, ಕಡಿದ ಬದಿಗಳಿಗೆ ಹುಲ್ಲು, ಕೆಳಗೆ ಹೂಳು ತಡೆಯುವ ಗುಂಡಿ. ಕೆಲಸ ಆರಂಭವಾಗುವ ಮುಂಚೆಯೇ ಗ್ರಾಮ ಸಭೆಯಲ್ಲಿ ಇವನ್ನು ಹೆಸರು ಹಿಡಿದು ಕೇಳಿರಿ. "ಮೋಡ ಓಡಿಸುತ್ತೀರಿ" ಎಂದರೆ ಕಂಪನಿಯ ಎಂಜಿನಿಯರು ನಕ್ಕು ಎದ್ದುಹೋಗುತ್ತಾನೆ. "ಈ ಮೂರನೆಯ ತಿರುವಿನ ನೀರು ಯಾರ ಹೊಲಕ್ಕೆ ಬೀಳುತ್ತದೆ?" ಎಂದರೆ ಅವನು ನಕ್ಷೆ ಬಿಚ್ಚಲೇಬೇಕಾಗುತ್ತದೆ.

ವಾದಕ್ಕೆ ಆಧಾರ ಬೇಕಾದರೆ ಮಳೆಯ ಲೆಕ್ಕ ಇಟ್ಟುಕೊಳ್ಳಿ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ತಾನಾಗಿ ವರದಿ ಕಳುಹಿಸುವ ಮಳೆಮಾಪಕಗಳಿವೆ. ಗುಡ್ಡದ ಪಡುವಣ ಬದಿಯ ಊರಿನದು, ಮೂಡಣ ಬದಿಯ ಊರಿನದು ಎರಡನ್ನೂ ಹತ್ತು ವರ್ಷಕ್ಕೆ ಪಕ್ಕಪಕ್ಕದಲ್ಲಿ ಬರೆದು ನೋಡಿ.

ಕೊನೆಯದಾಗಿ ಜಮೀನು ಕೊಡುವವರಿಗೆ ಎರಡು ಮಾತು. ಗೋಪುರ ನಿಲ್ಲುವ ಜಾಗ, ಕ್ರೇನ್ ನಿಲ್ಲುವ ಜಾಗ ಬಿಟ್ಟರೆ ಉಳಿದ ಹೊಲದಲ್ಲಿ ಎಂದಿನಂತೆ ಬೇಸಾಯ ಮಾಡಬಹುದು. ಆ ಹಕ್ಕು ಬರಹದಲ್ಲಿ ಇರಲಿ. ಭಾರದ ಕ್ರೇನು ಓಡಾಡಿದ ಎರೆ ನೆಲ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದನ್ನು ಆಳವಾಗಿ ಉಳಿಸಿ, ತೆಗೆದಿಟ್ಟ ಮೇಲ್ಮಣ್ಣನ್ನು ಮರಳಿ ಹರಡಿಸುವ ಜವಾಬ್ದಾರಿ ಯಾರದೆಂಬುದೂ ಇರಲಿ. ಕರಾರು ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿ ಕೇಳಿ, ಓದಬಲ್ಲವರಿಂದ ಎರಡು ಸಲ ಓದಿಸಿ. ಬಾಡಿಗೆ ವರ್ಷ ವರ್ಷ ಏರುತ್ತದೆಯೇ, ಕಂಪನಿ ಇನ್ನೊಬ್ಬರಿಗೆ ಮಾರಿದರೆ ಹೊಸಬರೂ ಈ ಕರಾರಿಗೆ ಬದ್ಧರೇ ಎಂಬುದನ್ನು ನೋಡಿ. ಗೋಪುರದ ಬುಡದಲ್ಲಿ ನೂರಾರು ಘನ ಮೀಟರ್ ಕಾಂಕ್ರೀಟು ಹೂತಿರುತ್ತದೆ. ಯಂತ್ರದ ಆಯುಸ್ಸು 20-25 ವರ್ಷ. ಆಮೇಲೆ ಆ ಕಾಂಕ್ರೀಟನ್ನು ನೇಗಿಲಿಗೆ ಸಿಗದಷ್ಟು ಆಳದವರೆಗೆ ಯಾರ ಖರ್ಚಿನಲ್ಲಿ ತೆಗೆಯಬೇಕು ಎಂಬ ಸಾಲು ಕರಾರಿನಲ್ಲಿ ಇದೆಯೇ ಹುಡುಕಿ. ಇಲ್ಲದಿದ್ದರೆ ಬರೆಯಿಸಿ, ನೋಂದಣಿ ಮಾಡಿಸಿ, ಆಮೇಲೆ ಸಹಿ ಹಾಕಿ.